ಮೂರನೆಯ ಪೆಡಲು

ವೈ.ಎನ್.ಹೊಸಕೋಟೆಯ ಕೊನೆಯ ಅಂಗಡಿಗೆ ಮೊಟ್ಟೆ ಇಳಿಸಿ ಪಾವಗಡದ ಕಡೆ ತಿರುಗಿದ್ದೆವು. ಕಡಲೆಕಾಯಿ ಹೊಲಗಳ ನಡುವೆ ಒಂದು ಸಣ್ಣ ಏರು ಬರುತ್ತದೆ. ಏರು ಅನ್ನುವುದಕ್ಕೂ ಅದು ಸಾಲದು. ಅಲ್ಲಿ ನಮ್ಮ ಪಿಕಪ್‌ನ ಇಂಜಿನ್ ಇದ್ದಕ್ಕಿದ್ದಂತೆ ಜೋರಾಗಿ ಕೂಗಿಕೊಂಡಿತು, ಗಾಡಿ ಮಾತ್ರ ಮುಂದಕ್ಕೆ ಹೋಗಲಿಲ್ಲ. ನಮ್ಮ ಮನೆಯವರು ಆಕ್ಸಿಲರೇಟರ್ ಒತ್ತಿದಷ್ಟೂ ಕೂಗು ಹೆಚ್ಚಾಯಿತೇ ಹೊರತು ಚಕ್ರಕ್ಕೆ ಸುದ್ದಿ ಮುಟ್ಟಲಿಲ್ಲ. ಆಮೇಲೆ ನಿಧಾನವಾಗಿ ಹಿಂದಕ್ಕೆ ಜಾರತೊಡಗಿತು. ಇವರು ಬ್ರೇಕ್ ಒತ್ತಿ ಹಿಡಿದರು. ನಾನು ಇಳಿದು ಕಲ್ಲೊಂದನ್ನು ತಂದು ಹಿಂದಿನ ಚಕ್ರಕ್ಕೆ ಕೊಟ್ಟೆ. ಬಗ್ಗಿದಾಗ ಕಂಡಿತು: ನಾವು ಬಂದ ದಾರಿಯುದ್ದಕ್ಕೂ ಟಾರಿನ ಮೇಲೆ ಸಣ್ಣ ಕೆಂಪು ಗೆರೆ, ಕುಂಕುಮದ ನೀರಿನ ಚೊಂಬು ಸೋರಿಕೊಂಡು ಬಂದ ಹಾಗೆ.

"ಗೇರ್‌ಬಾಕ್ಸಿನ ಎಣ್ಣೆ ಅದು," ಅಂದರು ಇವರು. ಇಳಿಯಲಿಲ್ಲ. ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದರು.

ಇವರ ಎಡಗಾಲಿಗೆ ಎರಡು ವರ್ಷದ ಮಗುವಾಗಿದ್ದಾಗಲೇ ಪೋಲಿಯೋ ತಗುಲಿತ್ತು. ಮಂಡಿಯಿಂದ ಕೆಳಗೆ ಆ ಕಾಲು ನನ್ನ ಮುಂಗೈಯಷ್ಟು ದಪ್ಪ. ನಡೆಯುವುದಕ್ಕೆ ಪಟ್ಟಿ ಕಟ್ಟುತ್ತಾರೆ, ಊರುಗೋಲು ಹಿಡಿಯುತ್ತಾರೆ. ಕ್ಲಚ್ ಒತ್ತುವ ಮಾತೇ ಇರಲಿಲ್ಲ. ನಲವತ್ತೊಂದನೆಯ ವಯಸ್ಸಿನವರೆಗೆ ಇನ್ನೊಬ್ಬರ ಗಾಡಿಯ ಪಕ್ಕದ ಸೀಟಿನಲ್ಲೇ ಕೂತು ಊರು ನೋಡಿದವರು. ಆಮೇಲೆ ಈ ಆಟೋಮ್ಯಾಟಿಕ್ ಪಿಕಪ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿತು. ಎರಡೇ ಪೆಡಲು, ಎರಡಕ್ಕೂ ಬಲಗಾಲೇ ಸಾಕು. ಅದಕ್ಕೆಂದೇ ಲೈಸೆನ್ಸ್ ಮಾಡಿಸಿಕೊಂಡರು. ಬಡವನಹಳ್ಳಿ ಹತ್ತಿರದ ಕೋಳಿ ಫಾರಂನಿಂದ ಮೊಟ್ಟೆ ತುಂಬಿಕೊಂಡು ವಾರದಲ್ಲಿ ಎರಡು ದಿನ ಕೊರಟಗೆರೆ, ಹೊಳವನಹಳ್ಳಿ, ಇನ್ನೆರಡು ದಿನ ಪಾವಗಡದ ಸುತ್ತು. ನಾನು ಪಕ್ಕದಲ್ಲಿ ಕೂತು ಟ್ರೇ ಎಣಿಸುತ್ತೇನೆ, ಬಿರುಕು ಬಿಟ್ಟದ್ದನ್ನು ಬೇರೆ ಎತ್ತಿಡುತ್ತೇನೆ. ಮೂರು ವರ್ಷದಿಂದ ನಮ್ಮ ಬದುಕು ಹೀಗೇ ಉರುಳುತ್ತಿತ್ತು.

ಹಿಂದಿನಿಂದ ಬಂದ ಟ್ರ್ಯಾಕ್ಟರಿನವನು ನನ್ನ ಮುಖ ನೋಡಿ ತಾನೇ ನಿಲ್ಲಿಸಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಧೈರ್ಯ ಹೇಳಿದ. "ಏಂ ಕಾದಮ್ಮಾ, ಭಯಪಡೊದ್ದು! ಹಗ್ಗ ಐತೆ ನಮ್ತಾವ. ಪಾವಗಡ ತಂಕ ಎಳ್ಕಂಡ್ ಹೋಗ್ ಬುಡ್ತೀನಿ. ಒಳಗೇನೈತೆ ಸರುಕು?"

"ಮೊಟ್ಟೆ," ಅಂದೆ.

"ಅಯ್ಯೋ ದೇವುಡಾ," ಅಂದವನು ಆಮೇಲೆ ಇಡೀ ದಾರಿ ಎತ್ತಿನ ಗಾಡಿಗಿಂತ ಮೆಲ್ಲಗೆ ಎಳೆದ. ಪಾವಗಡದ ಪಾಲಿನ ನಲವತ್ತು ಟ್ರೇಗಳಲ್ಲಿ ಒಡೆದದ್ದು ಮೂರು ಮೊಟ್ಟೆ ಮಾತ್ರ.

ಗಾಡಿಯನ್ನು ಲಾರಿಯ ಮೇಲೆ ಹೇರಿಸಿ ಶಿರಾಕ್ಕೆ ತಂದೆವು. ಅಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಊರೆಲ್ಲ ಅವರನ್ನು ಉಸ್ತಾದ್ ಅಂತಲೇ ಕರೆಯುತ್ತದೆ. ಕನ್ನಡಕದ ಒಂದು ಕಡ್ಡಿ ಮುರಿದು, ಆ ಕಡೆ ಟ್ವೈನ್ ದಾರ ಕಟ್ಟಿ ಕಿವಿಗೆ ಸುತ್ತಿಕೊಂಡಿರುತ್ತಾರೆ. ಗೇರ್‌ಬಾಕ್ಸಿನ ಕೆಳಗಿನ ತಟ್ಟೆ ಬಿಚ್ಚಿ, ಉಳಿದಿದ್ದ ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿದರು. ಕೆಂಪಾಗಿರಬೇಕಾದದ್ದು ಕಾಫಿ ಕಷಾಯದ ಬಣ್ಣಕ್ಕೆ ಬಂದಿತ್ತು. ಎಲ್ಲೋ ಕಲ್ಲು ಹಾರಿ ಎಣ್ಣೆಯ ಪೈಪಿಗೆ ತೂತಾಗಿದೆ, ನಮಗೆ ತಿಳಿದಿಲ್ಲ. ಎಣ್ಣೆಯಿಲ್ಲದೆ ಓಡಿ ಓಡಿ ಒಳಗಿನ ಪ್ಲೇಟುಗಳೆಲ್ಲ ಸುಟ್ಟಿವೆ.

ಆ ಜಾತಿಯ ಗೇರ್‌ಬಾಕ್ಸ್ ಹೊರದೇಶದಿಂದ ಬರಬೇಕು, ನಾಲ್ಕೈದು ತಿಂಗಳಾಗಬಹುದು, ಹೆಚ್ಚೂ ಆಗಬಹುದು ಎಂದು ಫೋನಿನಲ್ಲಿ ಕೇಳಿದವರೆಲ್ಲ ಹೇಳಿದರು. ಅಷ್ಟರಲ್ಲಿ ಹಿಂದೂಪುರದ ಕಡೆಯ ವ್ಯಾನೊಂದು ನಮ್ಮ ಅಂಗಡಿಗಳಿಗೆ ಮೊಟ್ಟೆ ಹಾಕಲು ಶುರು ಮಾಡಿಯಾಗಿತ್ತು.

ಹತ್ತನೆಯ ದಿನ ಉಸ್ತಾದರೇ ಫೋನ್ ಮಾಡಿದರು. ಇದೇ ಮಾಡೆಲ್‌ನ ಇನ್ನೊಂದು ಪಿಕಪ್ ಅಪಘಾತವಾಗಿ ಗುಜರಿಗೆ ಬಂದಿದೆ, ಹಿಂಭಾಗ ಮಾತ್ರ ನಜ್ಜುಗುಜ್ಜು, ಇಂಜಿನ್ನು ಗೇರ್‌ಬಾಕ್ಸು ಗಟ್ಟಿಯಾಗಿವೆ. "ಆದ್ರೆ ಅದು ಮ್ಯಾನ್ಯುಯಲ್ಲು ಸಾಹೇಬ್ರೆ. ಹಾಕಬಹುದು. ಹಾಕಿದ್ರೆ ಮೂರನೇ ಪೆಡಲ್ ಬರುತ್ತೆ."

ಇವರು ಫೋನನ್ನು ಸ್ಪೀಕರಿಗೆ ಹಾಕಿದ್ದರು. ಎಡಗೈ ಹೋಗಿ ಎಡಮಂಡಿಯ ಮೇಲೆ ಕೂತಿದ್ದನ್ನು ನೋಡಿದೆ.

"ಹಾಕಿಬಿಡಿ," ಅಂದರು.

ಆ ಸಂಜೆ ಇವರ ಅಣ್ಣ, ಅಂದರೆ ನನ್ನ ಭಾವ, ಸುದ್ದಿ ಕೇಳಿ ಬಂದರು. ಒಳ್ಳೆಯ ಮನುಷ್ಯ, ಕಷ್ಟಕ್ಕೆ ಕರೆಯದೆ ಬರುವವರು. "ಲೇ, ನೀನ್ಯಾಕ್ಲಾ ಮುಖ ಇಂಗ್ ಮಾಡ್ಕಂಡಿದೀಯ? ಗಾಡಿ ರೆಡಿ ಆಗ್ಲಿ, ನಾನು ಓಡುಸ್ತೀನಿ. ನೀನು ಪಕ್ದಾಗೆ ರಾಜನ್ ಥರ ಕುಂತ್ಕಳ್ಲಾ."

ಇವರು ನಕ್ಕರು. ಅಂಥ ನಗು ನಾನು ಮದುವೆಯಾದ ಹೊಸದರಲ್ಲಿ ನೋಡಿದ್ದೆ, ಯಾರೋ ಬಸ್ಸಿನಲ್ಲಿ ಎದ್ದು ಸೀಟು ಬಿಟ್ಟುಕೊಟ್ಟಾಗ.

ನಾನು ಮಾತು ಕಡಿಮೆಯವಳು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕೇಳಿದರೆ ಮಾತ್ರ ಉತ್ತರ ಹೇಳಬೇಕೆಂದು ಕಲಿಸಿದ್ದರು, ಅದು ಮೈಗಂಟಿತು. ಆದರೂ ಮಾರನೆಯ ದಿನ ಉಸ್ತಾದರ ಹತ್ತಿರ ಹೋಗಿ, ಕಾಲಿನ ಬದಲು ಕೈಯಲ್ಲಿ ಕ್ಲಚ್ ಒತ್ತುವ ಹಾಗೆ ಏನಾದರೂ ಇದೆಯೇ ಎಂದು ಕೇಳಿದೆ.

ಇದೆ ಅಂದರು. ತುಮಕೂರಿನ ಹತ್ತಿರ ಒಬ್ಬರು ಇಂಥ ಗಾಡಿಗಳಿಗೆಂದೇ ಒಂದು ಕಿಟ್ ಹಾಕಿಕೊಡುತ್ತಾರೆ. ಗೇರ್ ಕಡ್ಡಿಯ ತಲೆಗೆ ಸ್ಕೂಟರಿನ ಬ್ರೇಕಿನಂಥ ಪುಟ್ಟ ಹಿಡಿ. ಅದನ್ನು ಬೆರಳಲ್ಲಿ ಒತ್ತಿದರೆ ಬಾನೆಟ್ ಒಳಗಿನ ಒಂದು ಕಬ್ಬಿಣದ ಡಬ್ಬಿ ಇಂಜಿನ್ನಿನ ಗಾಳಿಯ ಎಳೆತದಿಂದ ಕ್ಲಚ್ ಪೆಡಲನ್ನು ತಾನೇ ಕೆಳಗೆ ಎಳೆಯುತ್ತದೆ.

"ಆದ್ರೆ ಅಮ್ಮಾ, ಒಂದ್ ಮಾತು. ಕಾಲಿಗೆ ಅಕಲ್ ಇರುತ್ತೆ. ಎಷ್ಟ್ ಒತ್ಬೇಕು, ಎಷ್ಟ್ ತಡೀಬೇಕು, ಎಲ್ಲ ಅದಕ್ಕೆ ಗೊತ್ತು. ಈ ಡಬ್ಬಿಗೆ ಅಕಲ್ ಇಲ್ಲ. ಕ್ಲಚ್ ಸಾಫ್ ಬಿಡ್ಬೇಕು. ಒಂಚೂರು ಹಿಡ್ಕೊಂಡ್ರೂ ಇವರಿಗೆ ಗೇರ್ ಬೀಳಲ್ಲ. ನಾನು ವಾದೆ ಮಾಡಲ್ಲ, ಮಾತು ಕೊಡಲ್ಲ, ಕೋಶಿಶ್ ಮಾಡ್ತೀನಿ."

ಮಧುಗಿರಿಯ ಆರ್‌ಟಿಒ ಕಚೇರಿಯಲ್ಲಿ ಕೇಳಿದೆವು. ಮೊದಲು ಅರ್ಜಿ ಕೊಟ್ಟು ಅನುಮತಿ ತೆಗೆದುಕೊಳ್ಳಬೇಕು, ಕೆಲಸ ಮುಗಿದ ಮೇಲೆ ಇನ್‌ಸ್ಪೆಕ್ಟರರ ಮುಂದೆ ಇವರೇ ಓಡಿಸಿ ತೋರಿಸಬೇಕು. ಓಡಿಸಿ ತೋರಿಸಿದರೆ ಮಾತ್ರ ಇವರ ಕೈಗೆ ಈ ಗಾಡಿ. ಅನುಮತಿ ಬಂತು, ತಪಾಸಣೆಗೆ ಒಂದು ಸೋಮವಾರ ಗೊತ್ತಾಯಿತು. ಆ ಕಾಗದವನ್ನು ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ಬ್ಯಾಗಿಗೆ ಹಾಕಿಕೊಂಡೆ. ದಿನಕ್ಕೆ ನಾಲ್ಕು ಸಲ ತೆಗೆದು ದಿನಾಂಕ ನೋಡುತ್ತಿದ್ದೆ, ಅದೇನು ಬದಲಾಗುತ್ತದೆಯೇನೋ ಅನ್ನುವಂತೆ.

ಕೆಲಸ ಶುರುವಾಯಿತು. ಬೆಳಿಗ್ಗೆ ಮಧುಗಿರಿಯಿಂದ ಬಸ್ಸಿನಲ್ಲಿ ಇಬ್ಬರೂ ಶಿರಾಕ್ಕೆ, ಸಂಜೆ ವಾಪಸ್ಸು. ಇವರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಸುಮ್ಮನೆ ಕೂರಲು ನನ್ನಿಂದಾಗುವುದಿಲ್ಲ. ಬಿಚ್ಚಿದ ಬೋಲ್ಟುಗಳನ್ನು ಡೀಸೆಲ್ಲಿನಲ್ಲಿ ತೊಳೆದು, ಯಾವ ಜಾಗದ್ದೋ ಆ ಜಾಗದ ಹೆಸರು ಬರೆದು, ಊಟದ ಡಬ್ಬಿಗಳಲ್ಲಿ ಜೋಡಿಸುವ ಕೆಲಸ ಹಚ್ಚಿಕೊಂಡೆ. ಚೀಟಿಗಳನ್ನು ಅಭ್ಯಾಸಬಲದಿಂದ ಇಂಗ್ಲಿಷಿನ ಕರ್ಸಿವ್ ಕೂಡಕ್ಷರದಲ್ಲಿ ಬರೆದಿದ್ದೆ.

ಉಸ್ತಾದರು ಒಂದು ಚೀಟಿ ಎತ್ತಿ ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಏನಮ್ಮಾ ಇದು, ಶಾವಿಗೆ ಒಣಹಾಕಿದ್ದೀರಾ?"

ಎಲ್ಲವನ್ನೂ ಕನ್ನಡದಲ್ಲಿ ಮತ್ತೆ ಬರೆದೆ.

ಹಳೆಯ ಗೇರ್‌ಬಾಕ್ಸ್ ಇಳಿಯಿತು. ಅದರ ಜೊತೆ ಕನ್ವರ್ಟರ್ ಅನ್ನುವ ಕುಂಬಳಕಾಯಿಯಂಥ ಉಕ್ಕಿನ ಗಡಿಗೆಯೂ ಬಂತು. ಅದರೊಳಗೆ ಎಣ್ಣೆ ಕುಲುಕುವ ಸದ್ದು. ರೇಡಿಯೇಟರಿಗೆ ಹೋಗುತ್ತಿದ್ದ ಎಣ್ಣೆಯ ಪೈಪುಗಳ ಬಾಯಿ ಮುಚ್ಚಿದರು. ಗುಜರಿ ಗಾಡಿಯಿಂದ ಮೂರು ಪೆಡಲಿನ ಇಡೀ ಚೌಕಟ್ಟನ್ನೇ ಬಿಚ್ಚಿ ತಂದರು. ಡ್ಯಾಶ್‌ಬೋರ್ಡ್ ಕೆಳಗೆ ಉಸ್ತಾದರು ತಲೆ ಕೆಳಗಾಗಿ ಮಲಗಿದರು. ಹೊರಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಒಳಗಿನಿಂದ ಕೂಗಿದರು: "ಮಾಶಾಅಲ್ಲಾ! ಕ್ಲಚ್ ಸಿಲಿಂಡರಿಗೆ ತೂತು ಮೊದಲೇ ಇದೆ, ರಬ್ಬರ್ ಮುಚ್ಚಳ ಹಾಕಿದ್ದಾರೆ ಅಷ್ಟೇ. ಗಾಡಿ ಮಾಡಿದವನಿಗೆ ಗೊತ್ತಿತ್ತು ನೋಡಿ, ನೀವು ಒಂದಿನ ಬರ್ತೀರಿ ಅಂತ."

ಹೊಸ ಬಾಕ್ಸು ಹಳೆಯದಕ್ಕಿಂತ ನಾಲ್ಕು ಬೆರಳು ಗಿಡ್ಡ. ಅದನ್ನು ಹೊರುವ ಅಡ್ಡಪಟ್ಟಿಯನ್ನು ಅಷ್ಟು ಮುಂದಕ್ಕೆ ಸರಿಸಿದರು, ಹಿಂದಿನ ಚಕ್ರಕ್ಕೆ ಹೋಗುವ ಉದ್ದನೆಯ ಶಾಫ್ಟನ್ನೂ ಗುಜರಿ ಗಾಡಿಯದ್ದನ್ನೇ ತೆಗೆದುಕೊಂಡರು. ಒಂದೊಂದು ಸಾಮಾನು ಕೂತಾಗಲೂ ಇವರು ಕುರ್ಚಿಯನ್ನು ಇಷ್ಟಿಷ್ಟೇ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು.

ಗುರುವಾರ ಸಂಜೆ ಉಸ್ತಾದರು ಒಂದು ಸಣ್ಣ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟರು. "ಇದು ಹೊಸದು, ಚಿಕ್ಕ ಸಾಮಾನು, ಇಲ್ಲಿ ಎಲ್ಲಾದ್ರೂ ಬಿದ್ದೋಗುತ್ತೆ. ನಾಳೆ ಜುಮ್ಮಾ, ಅಂಗಡಿ ತೆಗೆಯಲ್ಲ. ಶನಿವಾರ ತನ್ನಿ, ಜೋಪಾನ."

ಶುಕ್ರವಾರ ನಾನು ದೇವರ ದೀಪ, ಚೊಂಬು, ಆರತಿ ತಟ್ಟೆ ಎಲ್ಲ ಹುಣಸೆಹಣ್ಣು ಹಾಕಿ ತಿಕ್ಕುತ್ತೇನೆ. ನಮ್ಮ ಕಡೆ ಹುಣಸೆಗೆ ಬರವಿಲ್ಲ. ತಿಕ್ಕಿ ಮುಗಿಸಿ, ಪೊಟ್ಟಣದ ನೆನಪಾಗಿ ಬಿಚ್ಚಿದೆ. ಕಂಚಿನ ಒಂದು ಉಂಗುರ, ಹೆಬ್ಬೆರಳು ದಪ್ಪ. ಅದನ್ನು ಬುಷ್ ಅನ್ನುತ್ತಾರೆಂದು ಆಮೇಲೆ ತಿಳಿಯಿತು. ಮಂಕು ಕಂದುಬಣ್ಣ, ಮುಟ್ಟಿದರೆ ಜಿಡ್ಡು. ಬಟ್ಟೆಯಲ್ಲಿ ಒರೆಸಿದೆ, ಎರಡು ನಿಮಿಷಕ್ಕೆ ಮತ್ತೆ ಜಿಡ್ಡು. ಹೊಸ ಸಾಮಾನು ಹೀಗಿರಬಾರದು, ಅಂಗಡಿಯವರು ಹಳೆಯದನ್ನೇ ಕಟ್ಟಿ ಕೊಟ್ಟಿದ್ದಾರೆ ಅನಿಸಿತು. ಇವರ ಗಾಡಿಗೆ ಹೋಗುವ ವಸ್ತು. ಒಂದು ಹಳೆ ಪಾತ್ರೆಯಲ್ಲಿ ನೀರಿಟ್ಟು, ಸೋಡಾ ಪುಡಿ ಹಾಕಿ ಕುದಿಸಿದೆ. ನೀರಿನ ಮೇಲೆ ನವಿಲುಗರಿಯ ಬಣ್ಣದ ಪದರ ಬಂತು. ನೀರು ಬದಲಾಯಿಸಿ ಎರಡನೆಯ ಸಲ, ಮೂರನೆಯ ಸಲ ಕುದಿಸಿದೆ, ಪದರ ಬರುವುದು ನಿಲ್ಲುವವರೆಗೆ. ಆಮೇಲೆ ಹುಣಸೆಹಣ್ಣಿನಲ್ಲಿ ಒಳಗೂ ಹೊರಗೂ ತಿಕ್ಕಿ ಬಿಸಿಲಿಗಿಟ್ಟೆ. ಮದುವೆಯ ಉಂಗುರದ ಹಾಗೆ ಹೊಳೆಯಿತು. ಪೂಜೆಯ ಹೊತ್ತಿಗೆ ಅದನ್ನೂ ದೇವರ ಮುಂದಿಟ್ಟು ಅರಿಶಿನ ಕುಂಕುಮ ಮುಟ್ಟಿಸಿದೆ. ನನ್ನಿಂದಾದ ಒಂದು ಕೆಲಸ ಅಂತ ಒಳಗೊಳಗೇ ಖುಷಿ.

ಶನಿವಾರ ಉಸ್ತಾದರು ಅದನ್ನು ನೋಡಿ ಹುಬ್ಬೇರಿಸಿದರು. "ವಾಹ್, ಕಾನ್ವೆಂಟ್ ಅಮ್ಮ, ಒರೆಸಿ ಬಂಗಾರ ಮಾಡಿದ್ದೀರಲ್ಲ!" ಇಂಜಿನ್ನಿನ ಹಿಂಬದಿ, ತಿರುಗುವ ದಪ್ಪ ಕಡ್ಡಿಯ ತುದಿಯಲ್ಲಿ ಒಂದು ಕುಳಿ. ಅದರೊಳಕ್ಕೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸಿದರು. ಆಮೇಲೆ ಫ್ಲೈವೀಲ್, ಕ್ಲಚ್ ಪ್ಲೇಟು, ಅದರ ಮೇಲೆ ಒತ್ತುವ ತಟ್ಟೆ. ಕೊನೆಗೆ ಗೇರ್‌ಬಾಕ್ಸನ್ನು ಜಾಕಿನ ಮೇಲೆ ಏರಿಸಿ, ಅದರ ಮೂತಿಯಂಥ ಶಾಫ್ಟನ್ನು ಪ್ಲೇಟಿನ ನಡುವೆ ನುಗ್ಗಿಸಿದರು. ಎಲ್ಲ ಮುಚ್ಚಿಹೋಯಿತು.

ಕೀ ತಿರುಗಿಸಿದರೆ ಸ್ಟಾರ್ಟೇ ಆಗಲಿಲ್ಲ. ಕೊರಟಗೆರೆಯಿಂದ ವೈರಿಂಗ್‌ನವರೊಬ್ಬರು ಬಂದರು. ಬಾಯಲ್ಲಿ ಸದಾ ಒಂದು ತಂತಿ ಚೂರು ಕಚ್ಚಿಕೊಂಡಿರುವವರು. ಒಂದು ಗಂಟೆ ಮೀಟರ್ ಹಿಡಿದು ಹುಡುಕಿ ನಕ್ಕರು. "ಏನಿಲ್ಲ ಕಣಮ್ಮ. ಕಂಪ್ಯೂಟ್ರು ಇನ್ನೂ ಹಳೇ ಬಾಕ್ಸನ್ನೇ ಕೇಳ್ತಾ ಐತೆ. 'ನೀನು ಪಾರ್ಕಿಂಗ್‌ನಾಗೆ ಇದೀಯೇನಪ್ಪಾ' ಅಂತದೆ. ಅದು ಇದ್ರಲ್ವೇ ಹೇಳಕ್ಕೆ? ಹಳೇ ಬಾಡಿಗೆಯವ್ರು ಮನೆ ಖಾಲಿ ಮಾಡಿದ್ದು ಓನರಿಗೇ ಗೊತ್ತಿಲ್ದಂಗೆ." ಗುಜರಿ ಗಾಡಿಯ ಕಂಪ್ಯೂಟರನ್ನೂ ಅದರ ಕೀಲಿಯನ್ನೂ ಹಾಕಿ, ಎರಡು ತಂತಿ ಸೇರಿಸಿದ ಮೇಲೆ ಇಂಜಿನ್ ಎದ್ದಿತು. ಇವರು ಕುರ್ಚಿಯಿಂದ ಎದ್ದೇಬಿಟ್ಟರು, ಊರುಗೋಲು ಹುಡುಕದೆ.

ಮಂಗಳವಾರ ಕಿಟ್‌ನವರು ಬಂದು ಡಬ್ಬಿ ಕೂರಿಸಿ ಹೋದರು. ಬುಧವಾರ ಇವರ ಸರದಿ.

ವರ್ಕ್‌ಶಾಪಿನ ಹಿಂದೆ ಒಂದು ಬಯಲಿದೆ. ಇವರು ಹತ್ತಿ ಕೂತರು. ಹಿಡಿ ಒತ್ತಿದರು. ಯಾರೂ ಮುಟ್ಟದ ಮೂರನೆಯ ಪೆಡಲು ತಾನೇ ಕೆಳಗೆ ಹೋಯಿತು. ಅದರ ಜೊತೆಗೇ ಒಂದು ಸದ್ದು ಬಂತು, ಸ್ಲೇಟಿನ ಮೇಲೆ ಉಗುರು ಎಳೆದ ಹಾಗೆ. ಗೇರ್ ತಳ್ಳಿದರು. ಕರಕರ ಎಂದು ಹಲ್ಲು ಕಡಿಯಿತೇ ಹೊರತು ಒಳಗೆ ಹೋಗಲಿಲ್ಲ. ಬಿಟ್ಟು ಮತ್ತೆ ಒತ್ತಿದರು. ಮತ್ತೆ ಅದೇ. ಮೂರನೆಯ ಸಲ ಗೇರ್ ಬಿತ್ತು, ಆದರೆ ಹಿಡಿ ಒತ್ತಿ ಹಿಡಿದಿದ್ದಾಗಲೇ ಗಾಡಿ ಕುಪ್ಪಳಿಸಿ ನಿಂತುಹೋಯಿತು. ಇವರ ಕನ್ನಡಕ ಡ್ಯಾಶ್‌ಬೋರ್ಡಿನ ಮೇಲೆ ಬಿತ್ತು.

ಉಸ್ತಾದರು ಹತ್ತಿದರು. ತಮ್ಮ ಕಾಲಿನಲ್ಲಿ ಅದೇ ಪೆಡಲು ಒತ್ತಿ, ಒಂದು ಕ್ಷಣ ತಡೆದು, ಗೇರನ್ನು ಹೇಗೋ ಒಲಿಸಿ ಹಾಕಿದರು. ಬಯಲು ಸುತ್ತಿ ಬಂದರು. ಕ್ಲಚ್ ಪೈಪಿನಲ್ಲಿ ಗಾಳಿ ಸೇರಿದೆಯೇನೋ ಎಂದು ಎಣ್ಣೆ ಇಳಿಸಿದರು. ನಾನೇ ಬಾಟಲಿ ಹಿಡಿದಿದ್ದೆ, ಒಂದು ಗುಳ್ಳೆಯೂ ಬರಲಿಲ್ಲ. ಡಬ್ಬಿಯ ತಂತಿ ಬಿಗಿ ಮಾಡಿದರು. ಕಿಟ್‌ನವರಿಗೆ ಫೋನ್ ಮಾಡಿದರು. "ನಮ್ಮ ಡಬ್ಬಿ ಪೆಡಲನ್ನ ಪೂರ್ತಿ ಎಳೀತಿದೆ ತಾನೇ? ಹಂಗಿದ್ರೆ ಅಭ್ಯಾಸದ ವಿಷಯ ಸಾರ್. ಕೈ ಕೂರ್ಬೇಕು," ಅಂದರು ಅವರು.

ಇವರು ಇನ್ನೂ ಆರೇಳು ಸಲ ಪ್ರಯತ್ನಿಸಿದರು. ಬೆವರು ಕಿವಿಯ ಹಿಂದಿನಿಂದ ಕಾಲರಿಗೆ ಇಳಿಯುತ್ತಿತ್ತು. ಕೊನೆಗೆ ಇಂಜಿನ್ ಆರಿಸಿ, "ನನ್ನ ಕೈಗೆ ಆಗ್ತಿಲ್ಲ ಬಿಡಿ ಉಸ್ತಾದ್," ಅಂದರು. ದನಿಯಲ್ಲಿ ಕೋಪವಿರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ.

ನನ್ನ ಕಿವಿಗೆ ಮಾತ್ರ ಒಂದು ವಿಷಯ ಅಂಟಿಕೊಂಡಿತ್ತು. ಆ ಕಿರುಚು ಪೆಡಲು ಕೆಳಗಿದ್ದಾಗ ಮಾತ್ರ ಬರುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ಉಸ್ತಾದರ ಕಾಲಿನಲ್ಲೂ ಬಂದಿತ್ತು. ಅಂದ ಮೇಲೆ ಅದು ಕೈಯ ಸದ್ದಲ್ಲ. ಕೈ ತೊಳೆಯುತ್ತಿದ್ದ ಉಸ್ತಾದರನ್ನು ಕೇಳಿದೆ, ಪೆಡಲು ಒತ್ತಿದಾಗ ಮಾತ್ರ ಕೆಲಸ ಮಾಡುವ ಸಾಮಾನು ಯಾವುದು ಎಂದು.

"ಎರಡು. ಒಂದು ಬೇರಿಂಗು, ಅದನ್ನ ನಾನು ತಿರುಗಿಸಿ ನೋಡೇ ಹಾಕಿದ್ದು. ಇನ್ನೊಂದು ನಿಮ್ಮ ಬಂಗಾರದ ಬುಷ್. ಶಾಫ್ಟಿನ ತುದಿ ಅದರೊಳಗೆ ನಿಲ್ಲುತ್ತೆ. ಕ್ಲಚ್ ಒತ್ತಿದಾಗ ಇಂಜಿನ್ ತಿರುಗುತ್ತೆ, ಶಾಫ್ಟ್ ನಿಲ್ಲಬೇಕು, ನಡುವೆ ಬುಷ್ ಜಾರಬೇಕು. ಹಿಡ್ಕೊಂಡ್ರೆ ಶಾಫ್ಟನ್ನೂ ತಿರುಗಿಸ್ಬಿಡುತ್ತೆ, ಗೇರ್ ಬೀಳಲ್ಲ. ಆದ್ರೆ ಅದು ಹೊಸದು ಅಲ್ವಾ? ಅದು ಸ್ಪಂಜಿನ ಥರ ಅಮ್ಮಾ, ಹೊಟ್ಟೆಯೊಳಗೇ ಎಣ್ಣೆ ಇಟ್ಕೊಂಡಿರುತ್ತೆ. ಜಿಂದಗಿಗೆಲ್ಲ ಅದೇ ಎಣ್ಣೆ, ಒಳಗೆ ಕೂತ ಮೇಲೆ ಮತ್ತೆ ಹಾಕೋ ಹಾಗಿಲ್ಲ."

ಪಾತ್ರೆಯ ನೀರಿನ ಮೇಲಿನ ನವಿಲುಗರಿ ಬಣ್ಣ ಕಣ್ಣ ಮುಂದೆ ಬಂತು. ಮೂರು ಸಲ. ನಿಲ್ಲುವವರೆಗೆ.

"ಯಾಕಮ್ಮಾ?"

"ಏನಿಲ್ಲ, ಸುಮ್ಮನೆ ಕೇಳಿದೆ," ಅಂದೆ.

ಬಸ್ಸಿನಲ್ಲಿ ಮಧುಗಿರಿವರೆಗೂ ನಾನು ಕಿಟಕಿ ನೋಡುತ್ತ ಕೂತಿದ್ದೆ. ನಾಚಿಕೆ ಒಂದೇ ಆಗಿದ್ದರೆ ಹೇಳಿಬಿಡುತ್ತಿದ್ದೆನೇನೋ. ಹೇಳಿದರೆ ಆ ಗೇರ್‌ಬಾಕ್ಸನ್ನು ಪೂರ್ತಿ ಮತ್ತೆ ಇಳಿಸಬೇಕು. ಆ ವಯಸ್ಸಿನವರು ಮತ್ತೆ ಗಾಡಿಯ ಕೆಳಗೆ ಮಲಗಬೇಕು. ಇಷ್ಟೆಲ್ಲ ಮಾಡಿ ಬುಷ್ ಸರಿಯಾಗೇ ಇದ್ದರೆ? ನಿಮ್ಮ ಕೈಯದ್ದಲ್ಲ ತಪ್ಪು, ನನ್ನದು ಎಂದು ಇವರಿಗೆ ಆಸೆ ಹುಟ್ಟಿಸಿ, ಆಮೇಲೆ ನಿಜವಾಗಿ ಕೈಯದ್ದೇ ಆಗಿಬಿಟ್ಟರೆ? ಒಂದು ಸಲ ಬಿಟ್ಟುಕೊಟ್ಟ ಮನುಷ್ಯನನ್ನು ಎರಡನೆಯ ಸಲ ಬಿಟ್ಟುಕೊಡು ಎಂದು ಹೇಗೆ ಕೇಳುವುದು? ಪಕ್ಕದಲ್ಲಿ ಇವರು ಕಂಡಕ್ಟರನ ಹತ್ತಿರ ಮಳೆಯ ವಿಷಯ ಮಾತಾಡುತ್ತಿದ್ದರು, ಏನೂ ಆಗಿಲ್ಲದವರ ಹಾಗೆ. ಬಲಗೈ ಬೆರಳುಗಳಿಂದ ಎಡಗೈ ಬೆರಳುಗಳನ್ನು ಒಂದೊಂದಾಗಿ ನೀವಿಕೊಳ್ಳುತ್ತಿದ್ದರು.

ಗುರುವಾರ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ಇವರು ಹಜಾರದಲ್ಲಿ ಭಾವನಿಗೆ ಫೋನ್ ಮಾಡಿದರು. "ಅಣ್ಣಾ, ಸೋಮವಾರ ಬಿಡುವು ಮಾಡ್ಕೊ. ಇನ್‌ಸ್ಪೆಕ್ಟರ್ ಮುಂದೆ ನೀನೇ ಓಡಿಸಿ ತೋರ್ಸು. ಹ್ಞೂ, ಇನ್ಮೇಲೆ ನಿನ್ನ ಹೆಸ್ರಲ್ಲೇ..."

ಒಲೆ ಆರಿಸದೆ ಹಜಾರಕ್ಕೆ ಬಂದೆ. "ಫೋನ್ ಇಡಿ," ಅಂದೆ.

ಹತ್ತೊಂಬತ್ತು ವರ್ಷದಲ್ಲಿ ಇವರಿಗೆ ನಾನು ಹಾಗೆ ಹೇಳಿದ್ದಿಲ್ಲ. ಇವರು ಇಟ್ಟರು.

ಹೇಳಿದೆ. ಸೋಡಾ ಪುಡಿ, ಮೂರು ನೀರು, ಹುಣಸೆಹಣ್ಣು, ಕುಂಕುಮ, ಒಂದನ್ನೂ ಬಿಡಲಿಲ್ಲ. ಇವರು ನನ್ನನ್ನೇ ನೋಡಿದರು.

"ಬೇಯಿಸಿದ್ಯಾ?"

"ಹ್ಞೂ."

"ಬೇಳೆ ಬೇಯಿಸ್ದಂಗೆ?"

"ಬೇಳೆಗಿಂತ ಜಾಸ್ತಿ ಹೊತ್ತು." ನನಗೆ ಅಳು ಬಂದುಬಿಟ್ಟಿತ್ತು. "ಅದೇ ಕಾರಣ ಅಂತ ನಾನು ಖಂಡಿತ ಹೇಳಲಾರೆ. ಆಗಿರದೆಯೂ ಇರಬಹುದು. ಆದರೆ ನೋಡದೆ ಬಿಟ್ಟುಕೊಡಬೇಡಿ."

ಒಳಗೆ ದೋಸೆ ಸೀಯುವ ವಾಸನೆ. ಇವರು ಊರುಗೋಲು ತೆಗೆದುಕೊಂಡು, "ಮೊದಲು ಒಲೆ ಆರಿಸು. ಎಂಟೂವರೆ ಬಸ್ ಸಿಗುತ್ತೆ," ಅಂದರು.

ಉಸ್ತಾದರು ಪೂರ್ತಿ ಕೇಳಿಸಿಕೊಂಡರು. ದಾರದ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಬೈಯುತ್ತಾರೆಂದು ನಾನು ಬ್ಯಾಗಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದೆ.

"ನಲವತ್ತು ವರ್ಷದಲ್ಲಿ ಬುಷ್ ಕಳಕೊಂಡವರನ್ನ ನೋಡಿದ್ದೀನಿ, ಉಲ್ಟಾ ಹೊಡೆದವರನ್ನ ನೋಡಿದ್ದೀನಿ. ಸಾರು ಮಾಡಿದವರನ್ನ ನೋಡಿರಲಿಲ್ಲ." ಜೋರಾಗಿ ನಕ್ಕು, ಆಮೇಲೆ ನಗು ನಿಲ್ಲಿಸಿ ಅಂದರು: "ಒರೆಸಿದ್ದೀರಿ ಅಂದ್ಕೊಂಡೆ. ಕೈಯಲ್ಲಿ ಹಿಡಿದಾಗ ಒಣಗಿತ್ತು, ಹೊಳಪು ನೋಡಿ ಖುಷಿಪಟ್ಟೆ. ಅಲ್ಲೇ ನಾನು ತಿಳ್ಕೋಬೇಕಿತ್ತು. ಅರ್ಧ ತಪ್ಪು ನಂದು, ತಗೊಳ್ತೀನಿ."

ಮಧ್ಯಾಹ್ನದ ಹೊತ್ತಿಗೆ ಗೇರ್‌ಬಾಕ್ಸ್ ಮತ್ತೆ ನೆಲದ ಮೇಲಿತ್ತು. ಇಷ್ಟು ಹೊತ್ತು ನಾನು ದೇವರಲ್ಲಿ ಬೇಡಿಕೊಂಡದ್ದು ವಿಚಿತ್ರ: ತಪ್ಪು ನನ್ನದೇ ಆಗಿರಲಿ ಅಂತ. ಉಸ್ತಾದರು ಶಾಫ್ಟಿನ ತುದಿಗೆ ಟಾರ್ಚ್ ಹಿಡಿದರು. ಉಕ್ಕು ಅಲ್ಲಿ ಕಾದು ನೀಲಿಯಾಗಿತ್ತು. ಬುಷ್‌ನ ಒಳಮೈ ಕೆರೆದು, ತಾಮ್ರದ ಪುಡಿಯಂಥದ್ದು ಅಂಟಿತ್ತು.

ಉಸ್ತಾದರು ನನ್ನ ಕಡೆ ನೋಡಲಿಲ್ಲ. ಇವರನ್ನು ಕೈ ಮಾಡಿ ಕರೆದು, ಟಾರ್ಚನ್ನು ಇವರ ಕೈಗೆ ಕೊಟ್ಟರು. "ನೀವೇ ನೋಡಿ ಸಾಹೇಬ್ರೆ. ನಿಮ್ಮ ಕೈದು ಕಸೂರ್ ಇಲ್ಲ, ಏನೂ ತಪ್ಪಿಲ್ಲ." ಇವರು ಬಗ್ಗಿ ಬಹಳ ಹೊತ್ತು ನೋಡಿದರು. ಒಂದು ನೀಲಿ ಕಲೆಯನ್ನು ಅಷ್ಟು ಹೊತ್ತು ನೋಡುವಂಥದ್ದೇನೂ ಇರಲಿಲ್ಲ.

ಹೊಸ ಬುಷ್ ತುಮಕೂರಿನಿಂದ ಶನಿವಾರ ಬಂತು. ಪೊಟ್ಟಣ ಬಿಚ್ಚಿದವರೇ ಉಸ್ತಾದರು ಅದನ್ನು ನನ್ನ ಅಂಗೈಯಲ್ಲಿಟ್ಟರು. "ನೀವು ಒಂದರ ಎಣ್ಣೆ ತೆಗೆದಿರಿ. ಇದಕ್ಕೆ ಹೊಟ್ಟೆ ತುಂಬ ನೀವೇ ಕುಡಿಸಿ." ಕೆಳಗಿನ ಬಾಯಿಗೆ ಒಂದು ಬೆರಳಿಟ್ಟು, ಒಳಗೆ ಎಣ್ಣೆ ತುಂಬಿ, ಮೇಲಿನಿಂದ ಹೆಬ್ಬೆರಳಲ್ಲಿ ಒತ್ತಬೇಕು. ಒತ್ತಿದೆ. ಏನೂ ಆಗಲಿಲ್ಲ. "ಜೋರಾಗಿ," ಅಂದರು. ಉಗುರು ಬೆಳ್ಳಗಾಗುವಷ್ಟು ಒತ್ತಿದಾಗ, ಆ ಗಟ್ಟಿ ಕಂಚಿನ ಹೊರಮೈಯಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಹನಿಗಳು ಮೂಡಿದವು, ಬೆವರಿದ ಹಾಗೆ.

"ಬಸ್, ಸಾಕು," ಅಂದರು ಉಸ್ತಾದರು. "ಒರೆಸ್ಬೇಡಿ."

ಶಾಫ್ಟಿನ ತುದಿಯನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಎಲ್ಲವನ್ನೂ ಮತ್ತೆ ಏರಿಸಿ ಮುಗಿಸುವಾಗ ಭಾನುವಾರ ಮಧ್ಯಾಹ್ನ. ಇವರು ಹತ್ತಿ ಕೂತು ಹಿಡಿ ಒತ್ತಿದರು. ಪೆಡಲು ಇಳಿಯಿತು. ನಾನು ಕಿವಿ ಮುಚ್ಚಿಕೊಳ್ಳಬೇಕೆಂದು ಕೈ ಎತ್ತಿದ್ದೆ; ಕಿರುಚು ಬರಲಿಲ್ಲ. ಗೇರ್ ತಳ್ಳಿದರು. ಬೀರುವಿನ ಖಾನೆ ಮುಚ್ಚಿದಷ್ಟು ಸದ್ದು. ಗಾಡಿ ಹೊರಟು, ಬಯಲಿನ ಆ ತುದಿಯಲ್ಲಿ ಒಮ್ಮೆ ಎಡವಿ ನಿಂತು, ಮತ್ತೆ ಹೊರಟಿತು. ಆ ಎಡವಿದ್ದು ಮಾತ್ರ ನಿಜವಾಗಿ ಇವರ ಕೈಯದ್ದೇ.

ಹಾಗೆ ಒಮ್ಮೆ ಎಡವಿದ್ದಕ್ಕೇ ನನಗೆ ಸೋಮವಾರ ಬೆಳಗಿನವರೆಗೆ ನೆಮ್ಮದಿ ಇರಲಿಲ್ಲ. ಆರ್‌ಟಿಒ ಕಚೇರಿಗೆ ಭಾವನೂ ಬಂದಿದ್ದರು, ಎದೆಯ ಜೇಬಿನಲ್ಲಿ ತಮ್ಮ ಲೈಸೆನ್ಸು. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇರ್ಲಿ ಅಂತ ಕಣಮ್ಮ," ಅಂದರು ನನಗೆ ಮಾತ್ರ ಕೇಳುವ ಹಾಗೆ.

ಇನ್‌ಸ್ಪೆಕ್ಟರು ಚಿಕ್ಕ ಪ್ರಾಯದವರು. ಕಾಗದ ನೋಡಿದರು, ಗೇರ್ ತಲೆಯ ಹಿಡಿ ನೋಡಿದರು, ಪಟ್ಟಿ ಕಟ್ಟಿದ ಕಾಲನ್ನು ನೋಡಿದರು. ಪಕ್ಕದ ಸೀಟಿನಲ್ಲಿ, ನನ್ನ ಸೀಟಿನಲ್ಲಿ, ತಾವು ಕೂತರು. "ನಡೀರಿ." ಗಾಡಿ ಗೇಟು ದಾಟಿ ರಸ್ತೆಗೆ ಹೋಯಿತು. ಮೂಲೆಯಲ್ಲಿ ತಿರುಗಿ ಮರೆಯಾಯಿತು. ಆ ಕಡೆ ಏರಿದೆ. ಏರಿನಲ್ಲಿ ನಿಲ್ಲಿಸಿ ಹೊರಡಲು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಭಾವ ಎರಡು ಸಲ ಗಡಿಯಾರ ನೋಡಿದರು. ನಾನು ಗೇಟಿನ ಕಂಬಿ ಎಣಿಸಿದೆ. ಹದಿನೇಳು. ಮತ್ತೆ ಎಣಿಸಿದಾಗ ಹದಿನಾರು ಬಂತು.

ವಾಪಸ್ಸು ಬಂದವರು ಆವರಣದ ಮಧ್ಯೆ ನಿಂತರು. ಇನ್‌ಸ್ಪೆಕ್ಟರು ಏನೋ ಹೇಳಿದರು. ಗಾಡಿಯ ಹಿಂದೆ ಬಿಳಿ ದೀಪ ಹತ್ತಿತು. ಎರಡು ಕಾರುಗಳ ನಡುವಿನ ಜಾಗಕ್ಕೆ ಅದು ಹಿಂದುಹಿಂದಕ್ಕೆ ಬಂದು, ಗೋಡೆಗೆ ಒಂದು ಮೊಳ ಬಿಟ್ಟು ನಿಂತಿತು. ಇನ್‌ಸ್ಪೆಕ್ಟರು ಇಳಿದು, ಬಾನೆಟ್ ಮೇಲೆ ಕಾಗದವಿಟ್ಟು ಸಹಿ ಹಾಕಿದರು.

"ಏರಲ್ಲಿ ನನ್ನ ಗಾಡಿ ಇದಕ್ಕಿಂತ ಜಾಸ್ತಿ ಹಿಂದೆ ಜಾರುತ್ತೆ," ಅಂದರು ಭಾವನಿಗೆ, ಅವರೇ ಮಾಲೀಕರೆಂದು ತಿಳಿದು.

"ನಂಗ್ಯಾಕ್ ಹೇಳ್ತೀರಿ ಸಾರ್, ಅವ್ನಿಗ್ ಹೇಳಿ. ಗಾಡಿ ಅವ್ನುದು," ಅಂದರು ಭಾವ.

ನಾನು ಬಾಗಿಲ ಹತ್ತಿರ ಹೋದೆ. ಇಂಜಿನ್ ಇನ್ನೂ ಓಡುತ್ತಿತ್ತು. ಇವರು ಹಿಡಿಯನ್ನು ಒತ್ತುತ್ತಿದ್ದರು, ಬಿಡುತ್ತಿದ್ದರು, ಮತ್ತೆ ಒತ್ತುತ್ತಿದ್ದರು. ಎಡಗಾಲು ಪಕ್ಕಕ್ಕೆ ಸುಮ್ಮನೆ ಮಲಗಿತ್ತು. ಅದರ ಪಕ್ಕದಲ್ಲೇ ಆ ಮೂರನೆಯ ಪೆಡಲು ಸದ್ದಿಲ್ಲದೆ ಇಳಿಯುತ್ತಿತ್ತು, ಏಳುತ್ತಿತ್ತು.

"ಆಯ್ತಲ್ಲ, ಸಹಿ ಹಾಕಿದ್ರು. ಇಳೀರಿ," ಅಂದೆ.

"ತಡಿಯೇ," ಅಂದರು ಇವರು, ನನ್ನ ಕಡೆ ತಿರುಗದೆ.